ಟೀಚರೇ ಹೇಳಿದರಂತೆ

ಎಡಗೈಯ ಬೆರಳುಗಳು ಮಡಿಯುತ್ತಿರಲಿಲ್ಲ. ಸುಧಾ ಬಿಸಿನೀರಿನ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿ, ಗಂಡನ ಅಕ್ಕನ ಅಂಗೈಗೆ ಸುತ್ತಿ, ತನ್ನ ಎರಡೂ ಕೈಗಳ ನಡುವೆ ಒತ್ತಿ ಹಿಡಿದಳು. ಪ್ರೇಮಲತಾಳನ್ನು ಗೋಡೆಗೆ ಒರಗಿಸಿ, ಬೆನ್ನಿಗೆ ಹಲಗೆ ಕೊಟ್ಟು, ಕಾಲು ಮಡಿಸಿ ಕೂರಿಸಿ ಆಗಿತ್ತು. ಹಣೆಗೆ, ತೋಳಿಗೆ ವಿಭೂತಿ ಬಳಿದಿದ್ದರು. ಇನ್ನು ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಬೆರಳು ಮುಚ್ಚುವುದೊಂದೇ ಬಾಕಿ. ಗುಂಡ್ಲುಪೇಟೆಯಿಂದ ಬಂದಿದ್ದ ಅಯ್ಯನವರು ಲಿಂಗವನ್ನು ಹಿಡಿದು ಕಾಯುತ್ತಿದ್ದರು.

"ಬಲವಂತ ಮಾಡ್ಬೇಡ ಕಣೆ, ಮುರ್ದೋಗುತ್ತೆ," ಎಂದಳು ಮನೆಯ ಹಿರಿಯಳಾದ ಸೋದರತ್ತೆ ಲಿಂಗಮ್ಮ. "ಆ ಬೆರಳು ಅವಳ ಮಾತೇ ಕೇಳ್ತಿರಲಿಲ್ಲ. ಸುಮ್ನೆ ಕೂತ್ಕೊಂಡ್ರೂ ಏನಾದ್ರೂ ಒಂದು ಕುಟ್ತಾನೇ ಇರೋವು."

ಊಟಿಯ ಚಳಿಯಲ್ಲಿ ಬಟ್ಟೆ ಆಗಲೇ ತಣ್ಣಗಾಗಿತ್ತು. ಸುಧಾ ಅದನ್ನು ಬಿಸಾಡಿ, ಆ ಬೆರಳುಗಳನ್ನು ಒಂದೊಂದಾಗಿ ಉಜ್ಜತೊಡಗಿದಳು. ಕೊನೆಗೆ ಕಿರುಬೆರಳು ಬಾಗಿತು, ಆಮೇಲೆ ಉಂಗುರ ಬೆರಳು. ಅಯ್ಯನವರು ಲಿಂಗವನ್ನಿಟ್ಟರು.

ಅಷ್ಟರಲ್ಲಿ ನಂಜುಂಡೇಶ ಮೊಬೈಲ್ ಹಿಡಿದುಕೊಂಡೇ ಒಳಗೆ ಬಂದ. ಸತ್ತವಳು ಅವನ ಅಕ್ಕ. ಅಳು ಅವನ ಮುಖದಲ್ಲಿ ಇನ್ನೂ ಇತ್ತು, ಗಡಿಬಿಡಿಯೂ ಇತ್ತು.

"ಬಾಲಸುಬ್ರಮಣಿಯನ್ ಸಾರ್ ಹೊರಟವ್ರಂತೆ. ಎರಡು ಮಾತಾಡ್ತಾರಂತೆ. ಮೈಕ್ ಇದ್ದರೆ ಚೆನ್ನಾಗಿತ್ತು ಅಂದ್ರು. ಮುರುಗನ್ ಅಂಗಡಿಯಿಂದ ತರೋಕೆ ಹೇಳಿದ್ದೀನಿ."

ಬಾಲಸುಬ್ರಮಣಿಯನ್ ಶಾಲೆಯ ಕರೆಸ್ಪಾಂಡೆಂಟ್. ಆಡಳಿತವೆಲ್ಲ ಅವರ ಕೈಯಲ್ಲಿ. ಪ್ರೇಮಲತಾ ತನ್ನ ಇಡೀ ದುಡಿಮೆಯ ಕಾಲವನ್ನು ಸಂಗೀತದ ಟೀಚರಾಗಿ ಕಳೆದದ್ದು ಆ ಶಾಲೆಯಲ್ಲೇ.

"ಸತ್ತ ಮನೇಲಿ ಮೈಕಾ?" ಎಂದಳು ಸುಧಾ.

"ದೊಡ್ಡವರು ಬರ್ತಾರೆ ಸುಧಾ. ಅಕ್ಕನಿಗೆ ಮರ್ಯಾದೆ."

ಅವಳು ಗಂಡನನ್ನು ನೋಡಿದಳು. ಅವನು ಮೊಬೈಲ್ ನೋಡಿಕೊಂಡು ಹೊರಗೆ ಹೋದ.

ಅಂಗಳದಲ್ಲಿ ಜಡಿಮಳೆ ನಿಂತು ಮಂಜು ಇಳಿದಿತ್ತು. ನಂಜುಂಡೇಶನ ತರಕಾರಿ ಮಂಡಿಯ ಕೂಲಿಗಳು ಕುರ್ಚಿ ಹಾಕುತ್ತಿದ್ದರು. ಶಾಲೆಯಿಂದ ಮುಂಚಿತವಾಗಿಯೇ ಬಂದಿದ್ದ ದೊಡ್ಡ ಹೂವಿನ ಚಕ್ರವನ್ನು ಬಾಗಿಲ ಪಕ್ಕ ನಿಲ್ಲಿಸಿದ್ದರು. ಗೇಟಿನ ಹೊರಗೆ, ಮೆಟ್ಟಿಲ ಕೆಳಗೆ, ಒಬ್ಬ ಹುಡುಗಿ ಶಾಲು ಹೊದ್ದು ಒಬ್ಬಳೇ ನಿಂತಿದ್ದಳು. ಸುಧಾಗೆ ತಕ್ಷಣ ಗುರುತು ಸಿಕ್ಕಿತು. ಕಟ್ಟಬೆಟ್ಟಿನ ಚಿನ್ನಿ. ಪ್ರೇಮಲತಾ ತನ್ನ ಶಿಷ್ಯರಲ್ಲೆಲ್ಲ ಯಾರ ಹೆಸರನ್ನಾದರೂ ಮನೆಯಲ್ಲಿ ಮತ್ತೆ ಮತ್ತೆ ಹೇಳಿದ್ದಿದ್ದರೆ ಅದು ಇವಳದು. ಬಡಗರ ಹಟ್ಟಿಯ ಹುಡುಗಿ, ಸಣ್ಣ ಟೀ ತೋಟದವರ ಮಗಳು. ಮೂರು ವರ್ಷದಿಂದ ಈ ಮನೆಯ ಕಡೆ ತಲೆಹಾಕಿರಲಿಲ್ಲ.

ಸುಧಾ ಕಾಫಿ ಲೋಟ ಹಿಡಿದು ಇಳಿದು ಹೋದಳು.

"ಒಳಗೆ ಬಾ ಚಿನ್ನಿ. ಮುಖ ನೋಡು."

"ಬರ್ತೆ ಸುಧಕ್ಕ." ಚಿನ್ನಿ ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ. ಕನ್ನಡದ ನಡುನಡುವೆ ಅವಳ ಬಡಗ ಮಾತು ನುಸುಳುತ್ತಿತ್ತು. "ಒಂದು ಕೇಳಲಾ? ಕೇಳಿ ಆಮೇಲೆ ಒಳಗ ಬರ್ತೆ. ಟೀಚರು ಏಕ ಶಾಲೆಯ ಆ ಪಿಯಾನೋನ ಕೊಟ್ಟುಬಿಟ್ರು?"

ಸುಧಾಗೆ ಮೊದಲು ಅರ್ಥವಾಗಲಿಲ್ಲ. "ಯಾರು ಕೊಟ್ಟದ್ದು?"

"ಟೀಚರು. ಒಳಗೆಲ್ಲ ಹುಳು ತಿಂದಿದೆ, ಟೀಚರೇ ನೋಡಿ ಬೇಡ ಅಂದ್ರು, ಮಾರಿಬಿಡಿ ಅಂತ ಅವರೇ ಹೇಳಿದ್ರು ಅಂತ ಕರೆಸ್ಪಾಂಡೆಂಟ್ ಸಾರ್ ಅಸೆಂಬ್ಲೀಲೇ ಹೇಳಿದ್ರಲ್ಲ. ಎನಗ ನಂಬಿಕೆ ಬರಲಿಲ್ಲೆ. ಹೋಗಿ ಟೀಚರನ್ನೇ ಕೇಳ್ದೆ. ಅವರು ಏನೂ ಹೇಳಲಿಲ್ಲೆ. ಎನ್ನ ಕೈ ಹಿಡಿದು ಹಾಗೇ ನಿಂತ್ರು. ತಪ್ಪು ಮಾಡಿದವರು ನಿಂತ ಹಾಗೆ."

"ಅದಕ್ಕೇ ನೀನು ಬರೋದು ಬಿಟ್ಟೆಯಾ?"

"ಪರೀಕ್ಷೆ ಆದ ಮೇಲೆ ಬಿಟ್ಟೆ." ಚಿನ್ನಿಯ ದನಿ ಗಟ್ಟಿಯಾಯಿತು. "ಒಂದು ವರ್ಷ ಆ ಪ್ಲಾಸ್ಟಿಕ್ ಕೀಬೋರ್ಡಲ್ಲಿ ಕಲಿತೆ. ಬೆರಳೇ ಬೇಡ, ಊದಿದರೆ ಒತ್ತಿಕೊಳ್ಳೋ ಕಟ್ಟೆ ಅದರದು. ಕೊಯಮತ್ತೂರಲ್ಲಿ ಪರೀಕ್ಷೆಗೆ ಕೂರಿಸಿದ್ದು ನಿಜವಾದ ಪಿಯಾನೋ ಮುಂದೆ. ಎನ್ನ ಬೆರಳಿಗೆ ಅದು ಕಲ್ಲು ಒತ್ತಿದ ಹಾಗಿತ್ತು. ಮೆತ್ತಗೆ ನುಡಿಸಬೇಕಾದ ಕಡೆ ಸ್ವರವೇ ಹುಟ್ಟಲಿಲ್ಲೆ. ಅರ್ಧಕ್ಕೆ ಎದ್ದು ಬಂದೆ. ಅದು ಪಾಸಾಗಿದ್ರೆ ಚೆನ್ನೈಲಿ ಸೀಟು ಇತ್ತು. ಈಗ ಕಟ್ಟಬೆಟ್ಟಲ್ಲಿ ಎಲೆ ತೂಗ್ತೆ."

ಈ ಸುಳ್ಳು ಶಾಲೆಯ ಗೋಡೆಯೊಳಗೇ ಸತ್ತಿತು ಎಂದು ಸುಧಾ ಅಂದುಕೊಂಡಿದ್ದಳು. ಅದು ಹಟ್ಟಿ ಹಟ್ಟಿಗೂ ಹೋಗಿ ಮನೆ ಮಾಡಿಕೊಂಡಿತ್ತು.

"ಅಕ್ಕ ಕೊಡಲಿಲ್ಲ," ಎಂದಳು. "ಬೇಡ ಅಂತ ಅವರು ಹೇಳೇ ಇಲ್ಲ. ಕೇಳಿಸ್ತಾ?"

ಚಿನ್ನಿ ಅವಳ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ಹೇಳುವಂತಿರಲಿಲ್ಲ.

*

ಮದುವೆಯಾಗಿ ಬಂದ ಹೊಸದರಲ್ಲಿ ಸುಧಾಗೆ ಪ್ರೇಮಲತಾಳ ಬೆರಳೇ ಒಂದು ಹಿಂಸೆಯಾಗಿತ್ತು. ಮನೆಯಲ್ಲಿ ಪಿಯಾನೋ ಇರಲಿಲ್ಲ. ಮಾವ ಗುರುಮಲ್ಲಪ್ಪ ಆಲೂಗಡ್ಡೆ ಮಂಡಿಯವರು. ಮಗಳನ್ನು ಕಾನ್ವೆಂಟಿಗೆ ಕಳಿಸಿದರು, ಸನ್ಯಾಸಿನಿಯರಿಂದ ಪಿಯಾನೋ ಕಲಿಯಲು ಬಿಟ್ಟರು, ಆದರೆ ಅಂಥದೊಂದನ್ನು ಮನೆಗೆ ತರುವುದು ಅವರ ಯೋಚನೆಯಲ್ಲೇ ಇರಲಿಲ್ಲ. ಹಾಗಾಗಿ ಪ್ರೇಮಲತಾ ಮನೆಯಲ್ಲಿ ಊಟದ ಮೇಜಿನ ಮೇಲೆ, ಅಡುಗೆ ಕಟ್ಟೆಯ ಮೇಲೆ, ಕಿಟಕಿಯ ಹಲಗೆಯ ಮೇಲೆ ಅಭ್ಯಾಸ ಮಾಡುತ್ತಿದ್ದಳು. ಹಾಲು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ನೋಡಲು ಬಂದ ಗಂಡಿನ ಕಡೆಯವರ ಮುಂದೆಯೂ ಕುರ್ಚಿಯ ಕೈಯನ್ನು ಕುಟ್ಟುತ್ತ ಕೂತಳಂತೆ. ಅವರು ಹುಡುಗಿಗೆ ನರದ ಕಾಯಿಲೆಯೇ ಎಂದು ಕೇಳಿ ಎದ್ದು ಹೋದರಂತೆ. ಆಮೇಲೆ ಬಂದವರನ್ನು ಅವಳೇ ಬೇಡವೆಂದಳು.

ಶಾಲೆಯ ಸಭಾಂಗಣದಲ್ಲಿದ್ದ ಪಿಯಾನೋ ನೆಟ್ಟಗೆ ನಿಲ್ಲುವ ಜಾತಿಯದು, ಕಬ್ಬಿಣದ ಚೌಕಟ್ಟಿನದು, ಬಿಳಿಯರ ಕಾಲದ್ದು. ನೀಲಗಿರಿಯ ಹವೆ ಅಂಥ ವಾದ್ಯಕ್ಕೆ ಶತ್ರು. ಮಳೆಗಾಲದ ತೇವಕ್ಕೆ ಮರ ಉಬ್ಬಿ, ಬೆರಳಿನಿಂದ ಒತ್ತುವ ಕಟ್ಟೆಗಳು ಅಂಟಿಕೊಳ್ಳುತ್ತವೆ, ತಂತಿಗೆ ತುಕ್ಕು ಹತ್ತುತ್ತದೆ. ಜನವರಿಯ ಒಣ ಹಿಮಕ್ಕೆ ಅದೇ ಮರ ಬಿರಿಯುತ್ತದೆ, ಸ್ವರ ಇಳಿಯುತ್ತದೆ. ಪ್ರೇಮಲತಾ ಅದನ್ನು ಹೊರಗೋಡೆಯಿಂದ ದೂರ ಸರಿಸಿದಳು. ಮಳೆಗಾಲದಲ್ಲಿ ಅದರ ಹೊಟ್ಟೆಯೊಳಗೆ ಕೆಳಗಡೆ ಸಣ್ಣ ಬಲ್ಬೊಂದನ್ನು ಉರಿಸಿಡುತ್ತಿದ್ದಳು. ಹಿಮದ ದಿನಗಳಲ್ಲಿ ಬಲ್ಬು ತೆಗೆದು ಪಕ್ಕದಲ್ಲಿ ನೀರಿನ ಬೋಗುಣಿ ಇಡುತ್ತಿದ್ದಳು. ಒಳಗೆ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ಉಣ್ಣೆಗೆ ನುಸಿ ಬೀಳದಂತೆ ನೋಡಿಕೊಳ್ಳುತ್ತಿದ್ದಳು. ಮುಚ್ಚಳದ ಮೇಲೆ ಹೂದಾನಿ ಇಟ್ಟವರನ್ನು, ಪ್ರಾಂಶುಪಾಲರೇ ಆಗಿರಲಿ, ಬೈಯುತ್ತಿದ್ದಳು. ವರ್ಷಕ್ಕೊಮ್ಮೆ ಮಳೆ ಕಳೆದ ಮೇಲೆ ಕೊಯಮತ್ತೂರಿನಿಂದ ಜಯರಾಮನ್ ಎಂಬವನು ಶ್ರುತಿ ಮಾಡಲು ಬರುತ್ತಿದ್ದ. ಅವತ್ತು ಅವಳು ಅವನಿಗೆ ಮನೆಯಿಂದ ಊಟ ಒಯ್ಯುತ್ತಿದ್ದಳು.

"ಯಾರದೋ ವಸ್ತುವಿಗೆ ಇಷ್ಟೊಂದು ಯಾಕಕ್ಕ?" ಎಂದು ಸುಧಾ ಒಮ್ಮೆ ಕೇಳಿದ್ದಳು.

"ಯಾರದೋ ಮಕ್ಕಳಿಗೆ ಕಲಿಸ್ತೀನಲ್ಲ, ಹಂಗೇ," ಎಂದಿದ್ದಳು ಪ್ರೇಮಲತಾ.

ಬಾಲಸುಬ್ರಮಣಿಯನ್ ಬಂದ ಮೇಲೆ, ಎರಡು ಸಾವಿರದ ಎರಡರಲ್ಲಿ, ಶಾಲೆಗೆ ಡಿಜಿಟಲ್ ಪಿಯಾನೋ ಬರಬೇಕೆಂದಾಯಿತು. ಸುಧಾ ಇದಕ್ಕೆ ಅಕ್ಕ ಕಿಡಿಕಾರುತ್ತಾಳೆ ಎಂದುಕೊಂಡಿದ್ದಳು. ಆದರೆ ಅಕ್ಕನಿಗೆ ಖುಷಿಯೋ ಖುಷಿ. ಆರಿಸುವ ಕೆಲಸವನ್ನು ತನಗೇ ಕೊಟ್ಟಿದ್ದಾರೆಂದು ಹೊಸ ಸೀರೆ ಉಟ್ಟು ಕೊಯಮತ್ತೂರಿಗೆ ಹೊರಟಳು. ಕಣ್ಣಿನ ಡಾಕ್ಟರನ್ನು ನೋಡಬೇಕಿದ್ದ ಸುಧಾಳೂ ಜೊತೆಗೆ ಹೋದಳು.

ಅಂಗಡಿಯವನು ಒಂದು ಕೀಬೋರ್ಡಿನ ಗುಂಡಿ ಒತ್ತಿದ. ಮೃದಂಗ ಬಂತು, ಕೊಳಲು ಬಂತು, ಕೆಂಪು ಹಸಿರು ದೀಪ ಮಿನುಗಿದವು. ಸುಧಾ ಬೆರಗಾದಳು.

"ಇದನ್ನ ಆರಿಸ್ರೀ," ಎಂದಳು ಪ್ರೇಮಲತಾ.

"ಇದೇ ಬೇಕಾ ಮೇಡಂ?"

"ಅಲ್ಲಪ್ಪ, ಸ್ವಿಚ್ ಆರಿಸಿ. ಕರೆಂಟ್ ಇಲ್ದೆ ನೋಡ್ಬೇಕು."

ಸದ್ದಿಲ್ಲದ ಕಟ್ಟೆಗಳನ್ನು ಅವಳು ಒತ್ತಿ ನೋಡಿದಳು. ಮೆಲ್ಲಗೆ, ಜೋರಾಗಿ, ಅಂಚಿನಲ್ಲಿ, ಬುಡದಲ್ಲಿ. "ಭಾರವೇ ಇಲ್ಲ. ಇದರಲ್ಲಿ ಕಲ್ತ ಮಗು ನಿಜವಾದ್ದರ ಮುಂದೆ ಕೂತ್ರೆ ಅತ್ತುಬಿಡುತ್ತೆ," ಎಂದಳು. ಮುಂದಿನದಕ್ಕೆ ಹೋದಳು. ಕೊನೆಗೆ ಅಂಗಡಿಯ ಮೂಲೆಯಲ್ಲಿ, ಯಾವ ಮಿನುಗೂ ಇಲ್ಲದ ಕಪ್ಪನೆಯದೊಂದರ ಮುಂದೆ ಬಹಳ ಹೊತ್ತು ಕೂತಳು. ಅದರ ಕಟ್ಟೆಗಳಿಗೆ ತೂಕವಿತ್ತು, ಎಡಗಡೆ ಹೆಚ್ಚು, ಬಲಗಡೆ ಕಡಿಮೆ. ಎಷ್ಟು ಒತ್ತಿದರೆ ಅಷ್ಟೇ ಸದ್ದು. ಕಾಲಿಗೆ ಪೆಡಲ್ ಇತ್ತು. "ಇದು ಸರಿ. ಹಟ್ಟಿಯಿಂದ ಬರೋ ಮಕ್ಕಳು ಹೆಡ್‌ಫೋನ್ ಹಾಕ್ಕೊಂಡು ಎಷ್ಟು ಹೊತ್ತಾದ್ರೂ ಕಲೀಬಹುದು. ಮಳೆಗೆ ಶ್ರುತಿ ಹೋಗಲ್ಲ. ಆದ್ರೆ ನಮ್ಮೂರ ಕರೆಂಟಿಗೆ ಒಂದು ಸ್ಟೆಬಿಲೈಸರ್ ಬೇಕು. ಇದೂ ಒಂದಿನ ಸಾಯುತ್ತೆ ಸುಧಾ, ಆಗ ಇದಕ್ಕೆ ಬಿಡಿಭಾಗ ಸಿಗಲ್ಲ. ಹಳೇ ಪಿಯಾನೋ ಆದ್ರೆ, ಉಣ್ಣೆ ಬದಲಾಯಿಸಿದ್ರೆ ಇನ್ನೂ ಒಂದು ತಲೆಮಾರು ಬಾಳುತ್ತೆ. ಎರಡೂ ಇರಬೇಕು."

ಆಮೇಲೆ ಏನನ್ನಿಸಿತೋ, ಹೆಡ್‌ಫೋನನ್ನು ತೆಗೆದು ಸುಧಾಳ ಕಿವಿಗೆ ಹಾಕಿದಳು. "ಅಡುಗೆ ಕಟ್ಟೆ ಮೇಲೆ ಕುಟ್ತಿರ್ತೀನಲ್ಲ, ನೀನು ಬೈತಿರ್ತೀಯಲ್ಲ. ಅದು ಇದು."

ಸುಧಾ ಸಂಗೀತ ಬಲ್ಲವಳಲ್ಲ. ಆದರೆ ಅಂಗಡಿಯ ಗದ್ದಲ, ಬೀದಿಯ ಬಸ್ಸುಗಳ ಹಾರ್ನ್ ಎಲ್ಲ ಒಮ್ಮೆಲೇ ದೂರವಾಗಿ, ಹದಿನೆಂಟು ವರ್ಷ ತನ್ನ ಅಡುಗೆಮನೆಯಲ್ಲಿ ಬರೀ ಟಕಟಕವಾಗಿ ಕೇಳಿದ್ದು ಏನೆಂದು ಅವಳಿಗೆ ಮೊದಲ ಸಲ ಕೇಳಿಸಿತು. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಕಣ್ಣಿಗೆ ಡಾಕ್ಟರು ಹಾಕಿದ ಔಷಧಿಯ ನೆಪ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

*

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಪ್ರೇಮಲತಾ ಮಧ್ಯಾಹ್ನವೇ ಮನೆಗೆ ಬಂದಳು. ಚಪ್ಪಲಿ ಬಿಡದೆ ಊಟದ ಮೇಜಿನ ಮುಂದೆ ಕೂತಳು. ಕೈಗಳು ಮಡಿಲಲ್ಲಿದ್ದವು.

ಸಭಾಂಗಣದಲ್ಲಿ ಪಿಯಾನೋ ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿತ್ತು. ಸಂಗೀತದ ಕೋಣೆಯಲ್ಲಿ ಇಸ್ತ್ರಿ ಮೇಜಿನಂಥ ಒಂದು ಸ್ಟ್ಯಾಂಡಿನ ಮೇಲೆ ಅಂಗಡಿಯವನು ಮೊದಲು ತೋರಿಸಿದ್ದಂಥದೇ ಕೀಬೋರ್ಡು, ಅದೇ ಮಿನುಗು ದೀಪದ್ದು. ಕೇಳಿದ್ದಕ್ಕೆ ಕಚೇರಿಯಲ್ಲಿ, "ಎಲ್ಲಾ ಒಂದೇ ಅಲ್ವಾ ಟೀಚರ್, ಇದರಲ್ಲಿ ಇನ್ನೂ ಜಾಸ್ತಿ ಸೌಂಡ್ ಇದೆ," ಎಂದರು. ಹಳೆಯದು ಎಲ್ಲಿ ಎಂದಾಗ, ಕರೆಸ್ಪಾಂಡೆಂಟರ ಮೈದುನ ಕೋಟಗಿರಿ ರಸ್ತೆಯಲ್ಲಿ ಹೊಸ ರೆಸಾರ್ಟ್ ತೆರೆದಿದ್ದಾರೆ, ಅಲ್ಲಿಗೆ ಹೋಯಿತು ಎಂದರು. ಮಾರನೇ ದಿನ ಅಸೆಂಬ್ಲಿಯಲ್ಲಿ ಬಾಲಸುಬ್ರಮಣಿಯನ್ ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಹಳೆಯ ಪಿಯಾನೋ ಒಳಗೆಲ್ಲ ಹುಳು ಹಿಡಿದಿದೆ ಎಂದು ಪರೀಕ್ಷಿಸಿ ಹೇಳಿ, ಆಧುನಿಕತೆಗೆ ದಾರಿ ಮಾಡಿಕೊಟ್ಟ ಟೀಚರಿಗೆ ಮಕ್ಕಳೆಲ್ಲ ಚಪ್ಪಾಳೆ ತಟ್ಟಬೇಕೆಂದರು. ಮಕ್ಕಳು ತಟ್ಟಿದರು.

"ನಾಳೆ ನಾನೇ ಅಸೆಂಬ್ಲೀಲಿ ಹೇಳ್ತೀನಿ," ಎಂದಳು ಪ್ರೇಮಲತಾ ಆ ಸಂಜೆ. "ನಾನು ಹಂಗೆ ಹೇಳಿಲ್ಲ ಅಂತ. ಅಷ್ಟೇ. ಬೇರೇನೂ ಬೇಡ."

ನಂಜುಂಡೇಶ ಊಟದ ತಟ್ಟೆ ಬಿಟ್ಟು ಎದ್ದ. ಶಾಲೆಯ ಹಾಸ್ಟೆಲಿಗೆ ತರಕಾರಿ ಹೋಗುತ್ತಿದ್ದುದು ಅವನ ಮಂಡಿಯಿಂದ. ಆ ವರ್ಷ ಮಾರುಕಟ್ಟೆಯಲ್ಲಿ ಅವನಿಗೆ ನಿಂತಿದ್ದ ಗಟ್ಟಿ ವ್ಯಾಪಾರ ಅದೊಂದೇ. ಅವನು ಅಕ್ಕನ ಎರಡೂ ಕೈ ಹಿಡಿದುಕೊಂಡ.

"ಅಕ್ಕ, ಬೇಡ. ನಿನ್ನ ಕಾಲಿಗೆ ಬೀಳ್ತೀನಿ. ಮುಂದಿನ ವರ್ಷ ನೀನು ಹೆಂಗೂ ರಿಟೈರ್ ಆಗ್ತೀಯ. ಒಂದು ಮರದ ಪೆಟ್ಟಿಗೆಗೋಸ್ಕರ ನನ್ನ ಮಕ್ಕಳ ಅನ್ನ ಕಳೀಬೇಡ."

"ಹೇಳ್ಲಿ ಬಿಡಿ," ಎಂದಳು ಸುಧಾ. "ಅವರ ಹೆಸರಲ್ಲಿ ಸುಳ್ಳು ಹೇಳವ್ರೆ."

"ನೀನು ಸುಮ್ನಿರು!"

ಪ್ರೇಮಲತಾ ತಮ್ಮನ ಹಿಡಿತದಿಂದ ಕೈ ಬಿಡಿಸಿಕೊಳ್ಳಲಿಲ್ಲ. ಅವನ ನೆತ್ತಿಯನ್ನು ನೋಡುತ್ತ ಕೂತಿದ್ದಳು. "ಆಯ್ತು ಬಿಡೋ," ಎಂದಳು ಕೊನೆಗೆ. "ಹೇಳಲ್ಲ."

ಹೇಳಲಿಲ್ಲ. ಜಯರಾಮನ್ ಮಳೆ ಕಳೆದ ಮೇಲೆ ಎಂದಿನಂತೆ ಬಂದಾಗ ಅವನಿಗೂ ಹೇಳಲಿಲ್ಲ. ಅವನು, "ಹೋದ ವರ್ಷ ನಾನೇ ಬಿಚ್ಚಿ ನೋಡಿದ್ದೆ, ಹುಳ ಎಲ್ಲಿತ್ತು ಟೀಚರಮ್ಮಾ?" ಎಂದು ಕೇಳಿ, ಉತ್ತರ ಸಿಗದೆ, ಊಟವನ್ನೂ ಮಾಡದೆ ಹೋದ. ಚಿನ್ನಿ ಪರೀಕ್ಷೆಯಲ್ಲಿ ಅರ್ಧಕ್ಕೆ ಎದ್ದು ಬಂದಾಗ ಪ್ರೇಮಲತಾ ಬಾಗಿಲ ಹೊರಗೇ ನಿಂತಿದ್ದಳು. ಆಗಲೂ ಹೇಳಲಿಲ್ಲ. ಆ ದಿನದಿಂದ ಮಾತ್ರ ಅಡುಗೆ ಕಟ್ಟೆಯ ಮೇಲಿನ ಸದ್ದು ನಿಂತುಹೋಯಿತು. ಹಾಲು ಉಕ್ಕುವ ಮೊದಲೇ ಅವಳು ಒಲೆ ಆರಿಸುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಸುಧಾಗೆ ಗಂಡನ ಮೇಲೆ ಕೂಗಾಡಬೇಕೆನಿಸುತ್ತಿತ್ತು. ಕೂಗಾಡಿದಳು ಕೂಡ, ಬಹಳ ಸಲ. ಪ್ರೇಮಲತಾಳೇ ಬಂದು ಬಿಡಿಸುತ್ತಿದ್ದಳು.

*

ಬಾಲಸುಬ್ರಮಣಿಯನ್ ಬಿಳಿ ಅಂಗಿ, ಬಿಳಿ ಪ್ಯಾಂಟಿನಲ್ಲಿ ಬಂದರು. ಕುಳ್ಳಿರಿಸಿದ್ದ ದೇಹದ ಮುಂದೆ ಕೈ ಮುಗಿದು, ಕಣ್ಣು ಮುಚ್ಚಿ ನಿಂತರು. ನಂಜುಂಡೇಶ ಅವರಿಗೆ ಮೈಕ್ ಕೊಟ್ಟ. ಅಂಗಳದಲ್ಲಿ ಮಂಡಿಯವರು, ನೆರೆಯವರು, ಶಾಲೆಯ ಟೀಚರುಗಳು, ಹಳೆಯ ವಿದ್ಯಾರ್ಥಿಗಳು ತುಂಬಿದ್ದರು. ಚಿನ್ನಿ ಗೇಟಿನವರೆಗೆ ಬಂದಿದ್ದಳು.

"ಎಲ್ಲಾರ್ಗೂ ವಣಕ್ಕಂ. ಪ್ರೇಮಲತಾ ಟೀಚರ್ ಅಂದ್ರೆ ತ್ಯಾಗ," ಎಂದು ಅವರು ಶುರು ಮಾಡಿದರು. ತ್ಯಾಗದ ವಿಷಯ ಬಹಳ ಹೊತ್ತು ಹೇಳಿದರು. ಆಮೇಲೆ ಅಂದರು: "ಎಷ್ಟೋ ಜನಕ್ಕೆ ಹಳೇ ವಸ್ತು ಮೇಲೆ ಮೋಹ. ಟೀಚರ್ ಹಂಗಲ್ಲ. ಪಿಯಾನೋ ಒಳಗೆಲ್ಲ ಹುಳ ಹಿಡಿದಿದೆ, ಇಟ್ಕೋಬೇಡಿ, ಮಕ್ಕಳಿಗೆ ಹೊಸದು ಕೊಡಿ ಅಂತ ಅವರೇ ನನಗೆ ಹೇಳಿದ್ರು. ಅಂಥಾ ದೊಡ್ಡ ಮನಸ್ಸು. ಅವರ ನೆನಪಲ್ಲಿ ನಮ್ಮ ಶಾಲೆ—"

"ಸಾರ್. ಒಂದ್ನಿಮಿಷ."

ಸುಧಾ ದೇಹದ ಪಕ್ಕದಿಂದ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಂತೆಯೇ ಇತ್ತು. ಕೈಯಲ್ಲಿ ಇನ್ನೂ ವಿಭೂತಿ.

"ಮುಗಿಸಿಬಿಡ್ತೀನಿ ಅಮ್ಮಾ."

"ಮುಗಿಸ್ಬೇಡಿ. ಈಗ ಹೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ. ಪಿಯಾನೋ ಬೇಡ ಅಂದದ್ದು ಯಾರು?"

ಬಾಲಸುಬ್ರಮಣಿಯನ್ ನಗಲು ನೋಡಿದರು. "ಟೀಚರೇ..."

"ಅಲ್ಲಿ ಕೂತವ್ರೆ ನೋಡಿ. ಅವರನ್ನ ನೋಡ್ಕೊಂಡು ಹೇಳಿ."

"ಸುಧಾ, ಒಳಗೆ ನಡಿ," ಎಂದು ನಂಜುಂಡೇಶ ಅವಳ ತೋಳು ಹಿಡಿದ.

ಅವಳು ಕೊಡವಿಕೊಂಡಳು. "ನೀವು ನಡೀರಿ. ನಾಲ್ಕು ವರ್ಷ ಎಲ್ಲಾರೂ ಒಳಗೇ ಇದ್ವಲ್ಲ. ಅಕ್ಕ ನಿಮಗೋಸ್ಕರ ಬಾಯಿ ಮುಚ್ಕೊಂಡ್ರು. ಮುಚ್ಕೊಂಡೇ ಹೋದ್ರು. ನಾನು ಯಾರಿಗೂ ಮಾತು ಕೊಟ್ಟಿಲ್ಲ." ಅವಳು ಜನರ ಕಡೆ ತಿರುಗಿದಳು. "ಕೊಯಮತ್ತೂರಿಗೆ ನಾನೇ ಜೊತೇಲಿ ಹೋಗಿದ್ದೆ. ಎರಡೂ ಇರಬೇಕು ಅಂದ್ರು ಅಕ್ಕ. ಹಳೇದಕ್ಕೆ ಉಣ್ಣೆ ಬದಲಾಯಿಸಿ, ಹೊಸದರಲ್ಲಿ ಭಾರ ಇರೋ ಕಟ್ಟೇದು ತಗೊಳ್ಳಿ ಅಂದ್ರು. ಇವರು ಆಟದ ಸಾಮಾನು ತಂದು ಇಟ್ರು. ಪಿಯಾನೋನ ಮೈದುನನಿಗೆ ಕೊಟ್ರು. ಕೊಟ್ಟದ್ದು ಕೊಟ್ರಿ, ಆ ಪಾಪಾನ ಅವರ ತಲೆಗೆ ಯಾಕೆ ಕಟ್ಟಿದ್ರಿ? ಅವರ ಹೆಸರು ಹೇಳಿದ್ರೆ ಯಾರೂ ಕೇಳಲ್ಲ ಅಂತ ತಾನೆ?"

"ಇದು ಸಾವಿನ ಮನೆ. ಇಲ್ಲಿ ಇಂಥಾ ಮಾತು ಸರಿಯಲ್ಲ ಅಮ್ಮಾ."

"ಸಾವಿನ ಮನೇಲಿ ಸುಳ್ಳು ಹೇಳಬಹುದು, ಅದನ್ನ ಸುಳ್ಳು ಅನ್ನಬಾರದು. ಹಂಗಾ?"

ಶಾಲೆಯ ಟೀಚರುಗಳಲ್ಲಿ ಒಬ್ಬಳಾದ ಮಲರ್‌ಕೊಡಿ ತಲೆ ತಗ್ಗಿಸಿ, "ನಮಗೂ ಗೊತ್ತಿತ್ತು," ಎಂದು ತಮಿಳಿನಲ್ಲಿ ಹೇಳಿದಳು. ಯಾರಿಗೆ ಎಂದಲ್ಲ, ಹಾಗೇ. ಆದರೆ ಹತ್ತಿರ ನಿಂತವರಿಗೆಲ್ಲ ಕೇಳಿಸಿತು.

ಬಾಲಸುಬ್ರಮಣಿಯನ್ ಮೈಕನ್ನು ನಂಜುಂಡೇಶನ ಕೈಗೆ ತುರುಕಿದರು. ಅವರ ಕತ್ತು ಕೆಂಪಾಗಿತ್ತು. "ನಾನೇನು ಸುಟ್ಟುಬಿಟ್ಟೆನಾ ಅದನ್ನ? ರೆಸಾರ್ಟಲ್ಲಿ ಎಷ್ಟು ಗೌರವದಿಂದ ಇಟ್ಟಿದ್ದಾರೆ ಗೊತ್ತಾ? ದಿನಾ ಒರೆಸ್ತಾರೆ. ಶಾಲೇಲಿದ್ದಾಗ ಅಷ್ಟು ಹೊಳಪು ಇರಲಿಲ್ಲ. ಯಾರು ಬೇಕಾದ್ರೂ ಹೋಗಿ ನೋಡಬಹುದು."

"ನೋಡ್ತೀವಿ," ಎಂದಳು ಸುಧಾ.

ಅವರು ಹೊರಟರು. ದಾರಿ ಬಿಡಲು ಜನ ಸರಿದರು, ಯಾರೂ ಕೈ ಮುಗಿಯಲಿಲ್ಲ. ಅವರು ಗೇಟು ದಾಟಿದ ಮೇಲೆ ಚಿನ್ನಿ ಒಳಗೆ ಬಂದಳು. ಚಪ್ಪಲಿ ಬಿಟ್ಟು, ಜನರ ನಡುವೆ ನೇರ ನಡೆದು ಬಂದು, ಪ್ರೇಮಲತಾಳ ಮುಂದೆ ಮಂಡಿಯೂರಿದಳು. ಮಡಿಸಿದ ಮೊಣಕಾಲಿನ ಮೇಲೆ ಹಣೆ ಇಟ್ಟಳು. ಅವಳ ಬೆನ್ನು ಅದುರುವುದು ಮಾತ್ರ ಕಾಣುತ್ತಿತ್ತು. ಲಿಂಗಮ್ಮ ಅವಳನ್ನು ಏಳಿಸಲು ಹೋದಾಗ ಸುಧಾ ಬೇಡವೆಂದು ತಲೆಯಾಡಿಸಿದಳು.

ನಂಜುಂಡೇಶ ಮೈಕ್ ಹಿಡಿದು ಅಲ್ಲೇ ನಿಂತಿದ್ದ. ಅದು ಇನ್ನೂ ಗುಂಯ್ ಎನ್ನುತ್ತಿತ್ತು.

*

ರುದ್ರಭೂಮಿಯಲ್ಲಿ ಮತ್ತೆ ಮಳೆ ಹಿಡಿಯಿತು. ಗುಂಡಿಯೊಳಗಿನ ಗೂಡಿನಲ್ಲಿ ಪ್ರೇಮಲತಾಳನ್ನು ಕೂರಿಸಿ, ಸುತ್ತ ವಿಭೂತಿ ಗಟ್ಟಿಗಳನ್ನು ಪೇರಿಸಿ, ಉಪ್ಪು ಸುರಿದರು, ಬಿಲ್ವಪತ್ರೆ ಹಾಕಿದರು. ಮೊದಲ ಹಿಡಿ ಮಣ್ಣು ನಂಜುಂಡೇಶನದು. ಅವನು ಒಂದು ಹಿಡಿಗೆ ನಿಲ್ಲಿಸಲಿಲ್ಲ. ಕೂಲಿಯವನ ಸನಿಕೆಯನ್ನು ಪಕ್ಕಕ್ಕೆ ಸರಿಸಿ ಎರಡೂ ಕೈಯಿಂದ ಎಳೆದೆಳೆದು ಹಾಕತೊಡಗಿದ. ಯಾರೋ ಹೆಗಲು ಹಿಡಿದು ಹಿಂದಕ್ಕೆ ಕರೆದುಕೊಂಡರು. ಸುಧಾ ಹಾಕಿದಳು, ಚಿನ್ನಿ ಹಾಕಿದಳು. ಕೆಂಪು ಮಣ್ಣು ನೆನೆದು ಅಂಟಾಗಿತ್ತು. ಕೈ ತೊಳೆಯಲು ಇದ್ದ ತೊಟ್ಟಿಯಲ್ಲಿ ನೀರಿರಲಿಲ್ಲ. ಜನ ಹುಲ್ಲಿಗೆ ಕೈ ಒರೆಸಿಕೊಂಡು ಚದುರಿದರು.

"ಚಿನ್ನೀನ ಕಟ್ಟಬೆಟ್ಟಿಗೆ ಬಿಟ್ಟು ಬರೋಣ," ಎಂದಳು ಸುಧಾ ಗಂಡನಿಗೆ. "ದಾರೀಲಿ ಅಲ್ಲಿ ನಿಲ್ಲಿಸಿ."

ಎಲ್ಲಿ ಎಂದು ಅವನು ಕೇಳಲಿಲ್ಲ. ಮಂಡಿಯ ಪಿಕಪ್ಪಿನ ಮುಂದೆ ಮೂವರೂ ಇಕ್ಕಟ್ಟಾಗಿ ಕೂತರು. ಕೋಟಗಿರಿ ರಸ್ತೆಯ ತಿರುವುಗಳಲ್ಲಿ ಟೀ ತೋಟಗಳು ಮಂಜಿನಿಂದ ಹೊರಬಂದು ಮತ್ತೆ ಮಂಜಿಗೆ ಹೋಗುತ್ತಿದ್ದವು.

"ನಾಳೆಯಿಂದ ಹಾಸ್ಟೆಲಿಗೆ ಕ್ಯಾರೆಟ್ ಬೇರೆಯವರಿಂದ ತಗೊಳ್ತಾರೆ," ಎಂದ ನಂಜುಂಡೇಶ.

"ತಗೊಳ್ಳಲಿ."

"ಹೂಂ. ತಗೊಳ್ಳಲಿ," ಎಂದ ಅವನೂ.

"ಉಣ್ಣೆ ಹೋಗಿದ್ರೂ ಪರವಾಗಿಲ್ಲೆ ಸುಧಕ್ಕ," ಎಂದಳು ಚಿನ್ನಿ. "ತಂತಿ, ಚೌಕಟ್ಟು ಇದ್ದರ ಸಾಕು. ಜಯರಾಮನ್ ಅವರನ್ನ ಕರೆಸಬಹುದು. ವಾಪಸ್ ಕೇಳೋಣ. ಊರವರೆಲ್ಲ ಸೇರಿ ಕೇಳಿದರ ಕೊಡಲೇಬೇಕು."

ರೆಸಾರ್ಟಿನ ಹಜಾರದಲ್ಲಿ ಬೆಂಕಿಗೂಡು ಉರಿಯುತ್ತಿತ್ತು. ಪ್ರವಾಸಿಗಳು ಸ್ವೆಟರ್ ಹಾಕಿಕೊಂಡು ಸೋಫಾಗಳಲ್ಲಿ ಹರಡಿಕೊಂಡಿದ್ದರು. ಹಣೆ ತುಂಬ ವಿಭೂತಿ, ಒದ್ದೆ ಬಟ್ಟೆ, ಮಣ್ಣು ಮೆತ್ತಿದ ಕೈಗಳ ಮೂವರು ಒಳಗೆ ಬಂದದ್ದನ್ನು ಕಂಡು ಮ್ಯಾನೇಜರ್ ಅವಸರದಿಂದ ಎದ್ದು ಬಂದ. ಎದೆಯ ಮೇಲಿನ ಪಟ್ಟಿಯಲ್ಲಿ ಸಂತೋಷ್‌ಕುಮಾರ್ ಎಂದಿತ್ತು.

"ಪಿಯಾನೋ ನೋಡೋಕೆ ಬಂದ್ವಿ," ಎಂದಳು ಸುಧಾ. "ಬಾಲಸುಬ್ರಮಣಿಯನ್ ಸಾರ್ ಹೇಳಿದ್ರು."

ಆ ಹೆಸರಿಗೆ ಅವನ ಮುಖ ಬದಲಾಯಿತು. "ಓ, ನಮ್ಮ ಬಾರ್! ಬನ್ನಿ ಬನ್ನಿ. ಎಲ್ಲಾ ಗೆಸ್ಟೂ ಅದರ ಮುಂದೇನೇ ಫೋಟೋ ತೆಗೆಸ್ಕೊಳ್ಳೋದು. ತುಂಬಾ ಹಳೇ ಕಾಲದ್ದು. ಕೈ ಮಾತ್ರ ಮುಟ್ಟಿಸ್ಬೇಡಿ ಮೇಡಂ, ಪಾಲಿಷ್ ಹೋಗುತ್ತೆ."

ಅದು ಮೂಲೆಯಲ್ಲಿ ನಿಂತಿತ್ತು. ನಿಜವಾಗಿಯೂ ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಲಿನ ಹಲಗೆ ಕಿತ್ತು, ಸುತ್ತಿಗೆಗಳಿದ್ದ ಜಾಗದಲ್ಲಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅವುಗಳ ಹಿಂದೆ ನೀಲಿ ದೀಪ. ತಂತಿಗಳಿರಲಿಲ್ಲ, ಕಬ್ಬಿಣದ ಚೌಕಟ್ಟೂ ಇರಲಿಲ್ಲ. ತಲೆಕೆಳಗಾಗಿ ಗಾಜಿನ ಲೋಟಗಳು ತೂಗುತ್ತಿದ್ದವು.

"ಒಳಗೆಲ್ಲ ಹುಳ ಹಿಡಿದಿತ್ತಂತೆ," ಎಂದು ಸಂತೋಷ್‌ಕುಮಾರ್ ಉತ್ಸಾಹದಿಂದ ಹೇಳುತ್ತಿದ್ದ. "ಶಾಲೇಲಿ ಯಾರೋ ಟೀಚರ್ ಇದ್ರಂತೆ, ಅವರೇ ಹೇಳಿದ್ರಂತೆ ತಗೊಂಡು ಹೋಗಿ ಅಂತ. ಆದ್ರೆ ಮರ ನೋಡಿ, ಏನು ಗಟ್ಟಿ ಅಂತೀರಿ! ಇದನ್ನ ಕೊಯ್ಯೋವಾಗ ನಮ್ಮ ಬಡಗಿ ಗರಗಸ ಮುರ್ಕೊಂಡ."

ಚಿನ್ನಿ ಮುಂದೆ ಹೋಗಿ ಕಟ್ಟೆಗಳ ಮೇಲಿನ ಮುಚ್ಚಳದ ಅಂಚಿಗೆ ಕೈ ಹಾಕಿದಳು. "ಮೇಡಂ, ಪ್ಲೀಸ್, ಕೈ..." ಎಂದ ಅವನು. ಅವಳು ಎತ್ತಿದಳು.

ಕಟ್ಟೆಗಳಿದ್ದ ಕಡೆ ಉದ್ದನೆಯ ಸ್ಟೀಲ್ 'ಸಿಂಕ್' ಕೂರಿಸಿದ್ದರು. ಲೋಟ ತೊಳೆಯಲು. ಬಲತುದಿಯಲ್ಲಿ ಒಂದು ನಲ್ಲಿ.

ಚಿನ್ನಿ ಅದನ್ನು ನೋಡುತ್ತ ನಿಂತಳು. ಆಮೇಲೆ ನಲ್ಲಿ ತಿರುಗಿಸಿ, ಎರಡೂ ಕೈಗಳನ್ನು ನೀರಿನ ಕೆಳಗೆ ಹಿಡಿದಳು. ಸಮಾಧಿಯ ಕೆಂಪು ಮಣ್ಣು ಕರಗಿ ಹೊಳೆಯುವ ಸ್ಟೀಲಿನ ಮೇಲೆ ಹರಿಯಿತು. ಬೆರಳುಗಳ ಸಂದಿನಿಂದ, ಉಗುರುಗಳ ಒಳಗಿನಿಂದ ಅವಳು ಅದನ್ನು ನಿಧಾನವಾಗಿ ತೊಳೆದಳು. ಅವಳು ಸರಿದ ಮೇಲೆ ಸುಧಾ ಬಂದು ತೊಳೆದಳು. ಸೋಫಾದಲ್ಲಿದ್ದವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಸಂತೋಷ್‌ಕುಮಾರ್ ಒಂದು ಬಿಳಿ ಟವೆಲ್ ಹಿಡಿದು, ಕೊಡಬೇಕೋ ಬೇಡವೋ ತಿಳಿಯದೆ ನಿಂತಿದ್ದ.

ಸುಧಾ ನಲ್ಲಿ ನಿಲ್ಲಿಸಲಿಲ್ಲ. ಪಕ್ಕಕ್ಕೆ ಸರಿದು ಗಂಡನಿಗೆ ಜಾಗ ಬಿಟ್ಟಳು. ನೀರು ಸುರಿಯುತ್ತಲೇ ಇತ್ತು. ನಂಜುಂಡೇಶ ಒಂದು ಹೆಜ್ಜೆ ಮುಂದೆ ಬಂದ. ಮೊಣಕೈವರೆಗೆ ಮಣ್ಣಾದ ತನ್ನ ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ಅಲ್ಲೇ ನಿಂತ. ನೀರಿಗೆ ಒಡ್ಡಲಿಲ್ಲ, ಕೆಳಗೂ ಇಳಿಸಲಿಲ್ಲ.